ಅತ್ತೆ, ನಾನು ಮತ್ತು ಅರೆತಲೆನೋವು

ಕಿನ್ನಾಳದ ನಮ್ಮ ಮನೆಯಲ್ಲಿ ಮರದ ಬೊಂಬೆಗಳಿಗೆ ಕಣ್ಣು ಬರೆಯುವವಳು ನಾನು. ಅದು ಕಡೆಯ ಕೆಲಸ. ಸೀರೆ, ಒಡವೆ ಎಷ್ಟೇ ಚೆಂದ ಬಂದಿರಲಿ, ಕಣ್ಣು ಕೆಟ್ಟರೆ ಬೊಂಬೆಯೇ ಕೆಟ್ಟಂತೆ. ಅಂಥದ್ದರಲ್ಲಿ ಒಂದು ಮುಂಜಾನೆ ಗೌರಿಯ ಕಣ್ಣು ಬರೆಯುತ್ತಿರುವಾಗ ಅವಳ ಅರ್ಧ ಮುಖವೇ ನನಗೆ ಕಾಣದಾಯಿತು. ಆ ಜಾಗದಲ್ಲಿ ಗರಗಸದ ಹಲ್ಲಿನಂಥ ಬೆಳಕಿನ ಗೆರೆಯೊಂದು ಮಿಣಮಿಣ ಕುಣಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಗೆರೆ ಹೋಯಿತು, ತಲೆಯ ಒಂದು ಮಗ್ಗುಲು ಸಿಡಿಯತೊಡಗಿತು, ವಾಂತಿಯೂ ಆಯಿತು. ಇದು ಮೊದಲ ಸಲವೇನಲ್ಲ. ತಲೆನೋವನ್ನು ಎಲ್ಲರಿಗೂ ಹೇಳುತ್ತಿದ್ದೆ, ಗೆರೆಯ ಸುದ್ದಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಕಣ್ಣು ಹೋಗುತ್ತಿವೆ ಎಂದು ಹೆದರಿ ಹಿಡಿಯಷ್ಟಾಗಿದ್ದೆ.

ಅತ್ತೆ ತಮ್ಮ ಪದ್ಧತಿಯಂತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿ ತಾಗಿದ್ದರೆ ಎಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ನಂಬಿಕೆ. ಬಂತು ನೋಡಿ ಘಾಟು! ನಾನು, ನನ್ನ ಗಂಡ, ಬಾಗಿಲಲ್ಲಿದ್ದ ಹಾಲಿನವನು, ಎಲ್ಲರೂ ಕೆಮ್ಮಿದೆವು. ಮೂಗಿಗೆ ಸೆರಗು ಹಿಡಿದುಕೊಂಡೇ ಅತ್ತೆ ತೀರ್ಪು ಕೊಟ್ಟರು: "ದೃಷ್ಟಿ ಅಲ್ಲ ಬಿಡು. ನಾಳೆ ಕೊಪ್ಪಳದ ದವಾಖಾನಿಗೆ ಹೋಗೂಣು." ಮೆಣಸಿನಕಾಯಿಯೇ ಹೇಳಿದ ಮೇಲೆ ಇನ್ನೇನು ಮಾತು?

ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ನೋವಿಗೆ ಮೊದಲು ಏನೇನಾಗುತ್ತದೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಹಿಂದಿನ ದಿನಾನ ಆಕಳಿಸತಾಳ್ರಿ. ಬೆಲ್ಲ ಹುಡುಕ್ಕೊಂಡು ತಿಂತಾಳ. ಸುಮ್ಮಸುಮ್ಮನ ಸಿಟ್ಟಿಗೇಳತಾಳ. ನೋವು ಸುರು ಆದ್ರ ಬೆಳಕೂ ಬ್ಯಾಡ, ಸಪ್ಪಳನೂ ಬ್ಯಾಡ," ಎಂದು ಒಪ್ಪಿಸಿಬಿಟ್ಟರು. ನನಗೇ ಗೊತ್ತಿರದ ನನ್ನ ಸಂಗತಿಗಳು! ಸಿಟ್ಟಿನ ಮಾತು ಮಾತ್ರ ಸುಳ್ಳು ಎಂದು ಸಿಟ್ಟಿನಿಂದಲೇ ಹೇಳಿದೆ. ಡಾಕ್ಟರಮ್ಮ ನಕ್ಕರು. ಆ ನಗುವಿನ ಧೈರ್ಯದ ಮೇಲೆ ಗೆರೆಯ ವಿಷಯವನ್ನೂ ಬಾಯಿಬಿಟ್ಟೆ.

"ಇದು ಮೈಗ್ರೇನ್. ನಮ್ಮ ಕಡೆ ಅರೆತಲೆನೋವು ಅಂತಾರಲ್ಲ, ಅದ. ಗೆರಿ ಕಾಣೂದೂ ಅದರ ಲಕ್ಷಣಾನ. ಹೆದರಬ್ಯಾಡ್ರಿ, ಕಣ್ಣು ಛಲೋ ಅದಾವ," ಎಂದರು.

ಸಂತೋಷಕ್ಕೆ ಅಳುವೇ ಬಂತು. ಪಕ್ಕಕ್ಕೆ ನೋಡಿದರೆ ಅತ್ತೆಯೂ ಅಳುತ್ತಿದ್ದರು. "ನನಗೂ ಆ ಗೆರಿ ಕಾಣತಾವ್ರಿ," ಎಂದರು ಡಾಕ್ಟರಿಗೆ. "ಕುಡ್ಡಿ ಆಗತೀನಿ ಅಂತ ತಿಳಕೊಂಡು ಬೊಂಬಿಗೆ ಕಣ್ಣು ಬರಿಯೂದ ಬಿಟ್ಟೆ." ನಾನು ಸೊಸೆಯಾಗಿ ಬಂದ ವರ್ಷವೇ ಅವರು ಕುಂಚ ನನಗೆ ಒಪ್ಪಿಸಿದ್ದು ಇದಕ್ಕೇ. ನಾನೋ, ಅದು ನನ್ನ ಕೈಚಳಕಕ್ಕೆ ಸಂದ ಮಾನವೆಂದು ತವರಿಗೆಲ್ಲ ಹೇಳಿಕೊಂಡು ಮೆರೆದಿದ್ದೆ.

ಡಾಕ್ಟರಮ್ಮ ಅವರನ್ನೂ ಕೂರಿಸಿ ಪರೀಕ್ಷೆ ಮಾಡಿ ಅದೇ ಮಾತು ಹೇಳಿದರು. ಬಸ್ಸಿಳಿದು ಮನೆಗೆ ಬಂದವರೇ ಅತ್ತೆ ಕೈಕಾಲು ತೊಳೆದು, ಬೊಂಬೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕುಂಚ ಎತ್ತಿಕೊಂಡರು.

"ಅತ್ತಿ, ಅದು ನನ್ನ ಕೆಲಸ, ಕೊಡ್ರಿ," ಎಂದೆ.

"ಇಷ್ಟ ವರ್ಷ ಬರದೀಯಲ್ಲ, ಸಾಕು," ಎಂದರು, ತಲೆ ಎತ್ತದೆ.