ತಿರುಗಿಸದ ಇಂಜಿನ್

ಆ ಇಂಜಿನನ್ನು ನಾನು ತಿರುಗಿಸಲಿಲ್ಲ, ಹಸನಬ್ಬನವರೇ. ಮೊದಲ ಒಂದು ವಾರ ತಿರುಗಿಸಿದೆ, ನಿಜ — ಆಮೇಲೆ ಮಳೆಗಾಲ ಮುಗಿಯುವವರೆಗೆ ಶೆಡ್ಡಿನ ಬೀಗವನ್ನೇ ತೆಗೆಯಲಿಲ್ಲ. ನಿಮ್ಮ ಕೆಲಸದಲ್ಲಿ ತಪ್ಪಿರಲಿಲ್ಲ. ನೀವು ಹಾಕಿದ ಪಿಸ್ಟನ್ ರಿಂಗುಗಳಲ್ಲೂ ತಪ್ಪಿರಲಿಲ್ಲ. ಸುಳ್ಳು ಹೇಳಿದವಳು ನಾನು, ಅನುಭವಿಸಿದವರು ನೀವು. ಇಷ್ಟನ್ನು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು — ಯಜಮಾನರು ಹೋಗಬೇಕಾಯಿತು.

ಮಲ್ಲಂದೂರಿನ ಕಡೆಯ ಎಸ್ಟೇಟು ಮಾರಿ ತನ್ನ ದೇಶಕ್ಕೆ ಹೋದ ದೊರೆಯೊಬ್ಬ ಬಿಟ್ಟುಹೋದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅದು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಸಿಕೊಂಡು ಬಂದಾಗ ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಇವರು ಗೊಬ್ಬರದ ಶೆಡ್ಡು ಖಾಲಿ ಮಾಡಿಸಿ ಅದನ್ನು ಅಲ್ಲಿ ನಿಲ್ಲಿಸಿದರು, ಕೊಟ್ಟಿಗೆಹಾರದಲ್ಲಿ ಜೀಪು ರಿಪೇರಿ ಮಾಡುತ್ತಿದ್ದ ನಿಮ್ಮನ್ನು ಕರೆಸಿದರು. ಅಲ್ಲಿಂದ ನಾಲ್ಕೈದು ವರ್ಷ ನಮ್ಮ ಮನೆಯ ಭಾನುವಾರಗಳೆಲ್ಲ ಆ ಶೆಡ್ಡಿನ ಪಾಲು. ಸಿಗದ ಸಾಮಾನನ್ನು ಮಂಗಳೂರಿನ ಲೇತ್ ವರ್ಕ್‌ಶಾಪಿನಲ್ಲಿ ಮಾಡಿಸಿ ತರುತ್ತಿದ್ದಿರಿ. ಮಧ್ಯಾಹ್ನದ ಊಟಕ್ಕೆ ನಾನು ಮೂರು ಸಲ ಕರೆಯಬೇಕಿತ್ತು. ಮೇಲಿನ ಟಾಪಿಗೆ ಬಟ್ಟೆ ಸಿಗದೆ ಕಾಫಿ ಕಣದ ಟಾರ್ಪಾಲು ಕತ್ತರಿಸಿ ನನ್ನ ಕೈಗೆ ಕೊಟ್ಟಿರಿ. ಸೂಜಿ ಮುರಿದುಕೊಂಡು ನಾನೇ ಹೊಲಿದೆ. ಆದರೆ ಕಾರು ಮೊದಲ ಸಲ ಗೇಟು ದಾಟಿದ ದಿನ ಪಕ್ಕದ ಸೀಟಿನಲ್ಲಿ ಕೂತವರು ನೀವು. ನಾನು ಅಂಗಳದಲ್ಲಿ ನಿಂತು ನಕ್ಕೆ. ಹೊಟ್ಟೆ ಉರಿದಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಣದ ಮೆಟ್ಟಿಲಲ್ಲಿ ಜಾರಿ ಬಿದ್ದು ಇವರ ತೊಡೆಯ ಮೂಳೆ ಮುರಿಯಿತು. ಮಳೆಗಾಲವಿಡೀ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದರು. ನಮ್ಮ ಕಡೆಯ ಥಂಡಿಗೆ ನಿಂತ ಇಂಜಿನ್ ಒಳಗೇ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ ಎಂದು ನನಗೆ ಹೇಳಿಕೊಟ್ಟವರು ನೀವೇ. ವಾರಕ್ಕೊಮ್ಮೆ ಪ್ಲಗ್ಗಿನ ತೂತುಗಳಲ್ಲಿ ಒಂದೊಂದು ಚಮಚ ಎಣ್ಣೆ ಬಿಡಬೇಕು, ದಿನಾ ಬೆಳಿಗ್ಗೆ ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ತಿರುಗಿಸಬೇಕು. ಅಷ್ಟೇ ಕೆಲಸ. ಮಗುವೂ ಮಾಡಬಹುದಾದ ಕೆಲಸ.

ತೋಟ ನೋಡಿಕೊಂಡು, ಲೆಕ್ಕ ಬರೆಯುವ ರೈಟರ ತಲೆಹರಟೆ ಸಹಿಸಿಕೊಂಡು, ಬಸ್ಸು ಬದಲಾಯಿಸಿ, ಒದ್ದೆ ಸೀರೆಯಲ್ಲೇ ಆಸ್ಪತ್ರೆ ಮುಟ್ಟಿದರೆ ಅವರ ಮೊದಲ ಮಾತು ಒಂದೇ: "ತಿರುಗಿಸ್ತಿದೀಯಲ್ಲ?" ನೀನು ಹೇಗಿದ್ದೀಯ ಎಂದಲ್ಲ. ಉಂಡೆಯಾ ಎಂದಲ್ಲ. ಹೂಂ ಎಂದೆ. ಊರಿಗೆ ಬಂದು ಶೆಡ್ಡಿನ ಬೀಗದ ಕೈಯನ್ನು ಅಕ್ಕಿ ಡಬ್ಬಿಯೊಳಗೆ ಹಾಕಿದೆ. ಮರೆತೆ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಪ್ರತಿ ಬೆಳಿಗ್ಗೆ ನೆನಪಾಗುತ್ತಿತ್ತು. ಪ್ರತಿ ಬೆಳಿಗ್ಗೆ ಹಟ ಮಾಡಿ ಬಿಟ್ಟೆ.

ನಡುವೆ ಒಮ್ಮೆ ನೀವು ಆ ಮಳೆಯಲ್ಲೇ ಬಂದಿರಿ. "ನಾನೊಂದ್ಸಲ ನೋಡ್ಲಾ ಅಮ್ಮಾ?" ಎಂದು ಜಗಲಿಯ ಕೆಳಗೆ ನಿಂತು ಕೇಳಿದಿರಿ. "ಬೇಡ, ಬೆಳಿಗ್ಗೆನೇ ತಿರುಗಿಸಿದೀನಿ" ಎಂದೆ. ಆಗಲಾದರೂ ಬೀಗದ ಕೈ ಕೊಟ್ಟಿದ್ದರೆ — ಆಗಲಾದರೂ —

ಮಳೆ ಬಿಟ್ಟ ಮೇಲೆ ಇವರು ಕೋಲೂರಿಕೊಂಡು ಬಂದರು. ಹ್ಯಾಂಡಲ್ ಅಲುಗಲಿಲ್ಲ. ನೀವು ಇಂಜಿನ್ ಬಿಚ್ಚಿದಿರಿ, ಟಾರ್ಚು ಹಿಡಿದು ಒಳಗೆ ನೋಡಿದಿರಿ.

"ಇದು ತಿರುಗಿದ ಇಂಜಿನ್ ಅಲ್ಲ ಗೌಡ್ರೇ."

"ನೀನು ಹಾಕಿದ ರಿಂಗೇ ಸರಿ ಇಲ್ಲ ಅನ್ನು ಮಾರಾಯ. ಹೋಗ್ಲಿ, ಇನ್ನೊಂದ್ಸಲ ಮಾಡುವ."

"ರಿಂಗಲ್ಲ. ತುಕ್ಕು. ಅಮ್ಮನ ಹತ್ರ ಒಂದು ಮಾತು ಕೇಳಿ."

ಅವರು ನನ್ನ ಕಡೆ ತಿರುಗಿದರು. "ದಿನಾ ತಿರುಗಿಸಿದೀನಿ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ಅವರು ಎರಡನೆಯ ಸಲ ಕೇಳಲಿಲ್ಲ. "ನಿನ್ನ ಕೆಲಸ ಕೆಟ್ಟಿದ್ದಕ್ಕೆ ನನ್ನ ಹೆಂಡ್ತಿನ ಸುಳ್ಳಿ ಅಂತೀಯಾ? ಇನ್ನು ಈ ಅಂಗಳಕ್ಕೆ ಬರಬೇಡ" ಎಂದರು. ನೀವು ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟಿರಿ. ಹೋಗುವಾಗ ನನ್ನನ್ನು ನೋಡಿದಿರಿ. ನಾನು ತಲೆ ತಗ್ಗಿಸಲಿಲ್ಲ.

ಯಾಕೆಂದರೆ ನಾನು ಗೆದ್ದಿದ್ದೆ. ಅಷ್ಟು ವರ್ಷ ಆ ಕಾರಿನ ಜೊತೆ, ನಿಮ್ಮ ಜೊತೆ ಒಳಗೊಳಗೇ ಪೈಪೋಟಿ ಮಾಡಿದ್ದೆ. ಎಲ್ಲಕ್ಕಿಂತ ನಾನೇ ಹೆಚ್ಚು ಎಂದು ಅವರು ತೋರಿಸಿದ್ದು ಆ ಹೊತ್ತಿನಲ್ಲಿ — ನನ್ನ ಸುಳ್ಳನ್ನು ನಂಬಿ. ಅವತ್ತು ನನಗೆ ಒಳ್ಳೆಯ ನಿದ್ದೆ ಬಂತು. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಮಿತಭಾಷಿಯಾದ ಅವರು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದರು — ಹಸನಬ್ಬ ಕೆಲಸ ಕೆಡಿಸಿದ, ಕೇಳಿದರೆ ಮನೆ ಹೆಂಗಸಿನ ಮೇಲೆ ಹಾಕಿದ. ಎಸ್ಟೇಟುಗಳ ಜೀಪುಗಳು ಒಂದೊಂದಾಗಿ ನಿಮ್ಮ ಗ್ಯಾರೇಜು ಬಿಟ್ಟು ಮೂಡಿಗೆರೆಗೆ ಹೋದವು. ಒಂದು ದಿನ ಬಸ್ಸಿನಲ್ಲಿ ಹೋಗುವಾಗ ನೋಡಿದೆ, ನಿಮ್ಮ ಬಾಗಿಲಿಗೆ ಹಲಗೆ ಬಡಿದಿತ್ತು. ಘಾಟಿ ಇಳಿದು ಉಜಿರೆ ಕಡೆ ಹೋದಿರಂತೆ. ಅವತ್ತೂ ನಾನು ಮನೆಗೆ ಬಂದು ಏನೂ ಹೇಳಲಿಲ್ಲ. ಅವರು ಆ ಕಾರನ್ನು ಮತ್ತೆ ಮುಟ್ಟಲಿಲ್ಲ, ನಿಮ್ಮಂಥ ಇನ್ನೊಬ್ಬ ಗೆಳೆಯನನ್ನೂ ಮಾಡಿಕೊಳ್ಳಲಿಲ್ಲ. ಭಾನುವಾರಗಳಲ್ಲಿ ಏನು ಮಾಡಬೇಕೆಂದು ತಿಳಿಯದೆ ಜಗಲಿಯಲ್ಲಿ ಕೂರುತ್ತಿದ್ದರು. ನನ್ನ ಎದುರಿಗೇ ಕೂರುತ್ತಿದ್ದರು. ನಾನು ಬಯಸಿದ್ದು ಅದನ್ನೇ ಅಲ್ಲವೇ.

ಕಳೆದ ವರ್ಷ ಹಾಸಿಗೆ ಹಿಡಿದರು. ಕೊನೆಯ ದಿನಗಳಲ್ಲಿ ಒಮ್ಮೆ ನನ್ನ ಕೈ ಹಿಡಿದುಕೊಂಡು ಹೇಳಿದರು: "ಹಸನಬ್ಬನ್ನ ಒಂದ್ಸಲ ನೋಡ್ಬೇಕು ಮಾರಾಯ್ತಿ. ಆದ್ರೆ ಅವನು ಮೊದಲು ನಿನ್ನ ಹತ್ರ ತಪ್ಪಾಯ್ತು ಅನ್ನಬೇಕು. ನೀನು ಪಟ್ಟ ಅವಮಾನ ನಾನು ಮರೆಯಲ್ಲ." ನಾನು ಹೊದಿಕೆ ಸರಿಮಾಡಿದೆ. ಗಂಜಿ ತರುತ್ತೇನೆ ಎಂದು ಎದ್ದು ಹೋದೆ.

ನಿಮ್ಮ ಊರಿನ ಗುರುತು ಕೇಳಿ ತಿಳಿದುಕೊಂಡಿದ್ದೇನೆ. ಈ ಕಾಗದ ನಿಮಗೆ ತಲುಪಿದ ಮೇಲೆ ಬರುತ್ತೇನೆ. ನಿಮ್ಮ ಮಕ್ಕಳು ಮನೆಯಲ್ಲಿರುವಾಗ ಬರುತ್ತೇನೆ, ಅವರ ಮುಂದೆಯೇ ಹೇಳುತ್ತೇನೆ. ಆಮೇಲೆ ಕೊಟ್ಟಿಗೆಹಾರದ ಅಂಗಡಿಗಳ ಮುಂದೆ ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಹೇಳುತ್ತೇನೆ. ಕ್ಷಮೆ ಕೇಳುವ ಬಾಯಿ ನನಗಿಲ್ಲ. ನೀವು ಬಂದು ನನ್ನ ಕ್ಷಮೆ ಕೇಳುತ್ತೀರೆಂದು ಅವರು ಬಾಗಿಲ ಕಡೆ ನೋಡುತ್ತಲೇ ಹೋದರು, ಹಸನಬ್ಬನವರೇ. ನಾನು ಪಕ್ಕದಲ್ಲೇ ಕೂತಿದ್ದೆ.