ಅಕ್ಕನ ಹೊನ್ನೆ ಹಲಗೆಯ ನೆಲ

ಚಿಕ್ಕಬಳ್ಳಾಪುರದಲ್ಲಿ ಮಗಳು ಮನೆ ಕಟ್ಟಿಸುತ್ತಿದ್ದಾಳೆ. ಮಲಗುವ ಕೋಣೆಗೆ ಮರದ ನೆಲ ಹಾಕಿಸಬೇಕೆಂದು ಮೊನ್ನೆ ಅಂಗಡಿಯಿಂದ ನಾಲ್ಕಾರು ತುಂಡು ಹಲಗೆ ತಂದು ನನ್ನ ಮುಂದೆ ಹರಡಿದಳು. ಎಲ್ಲವೂ ಫಳಫಳ ಹೊಳೆಯುವಂಥವು. ಮರವೋ ಕಾಗದವೋ ದೇವರಿಗೇ ಗೊತ್ತು. ಅವುಗಳಲ್ಲಿ ಒಂದು ಮಾತ್ರ ನಿಜವಾದ ಮರ. ಎತ್ತಿ ಮೂಗಿನ ಹತ್ತಿರ ಹಿಡಿದೆ. ಆಗ ತಾನೇ ಕೊಯ್ದ ಹೊನ್ನೆಯ ವಾಸನೆ... ಶಿಡ್ಲಘಟ್ಟದ ಎದುರುಮನೆ ಅಕ್ಕ ಬಂದು ಪಕ್ಕದಲ್ಲಿ ಕೂತಂತಾಯಿತು.

ತೊಂಡೇಬಾವಿಯಿಂದ ಮದುವೆಯಾಗಿ ನಾನು ಶಿಡ್ಲಘಟ್ಟಕ್ಕೆ ಬಂದದ್ದು ಐವತ್ತರ ದಶಕದ ಕೊನೆಗೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನಗಿಂತ ಸ್ವಲ್ಪ ದೊಡ್ಡವಳು, ಅಷ್ಟೇ. ಅವಳ ಗಂಡನನ್ನು ಭಾವ ಎನ್ನುತ್ತಿದ್ದೆ. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಕೆಂಚಾರ್ಲಹಳ್ಳಿಯಲ್ಲಿ ಜಮೀನೂ ಇತ್ತು. ಮದುವೆಯಾದ ಮರುವರ್ಷ ವಿಷಮಶೀತ ಜ್ವರ ಬಂದು ಅಕ್ಕನ ಎರಡೂ ಕಿವಿ ಹೋಗಿದ್ದವು. ಮಾತು ಮಾತ್ರ ಉಳಿದಿತ್ತು. ನಮ್ಮ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದಳು. ತನ್ನ ದನಿ ತನಗೇ ಕೇಳದೆ ಗುಟ್ಟಿನ ಮಾತನ್ನೂ ಬೀದಿಗೆಲ್ಲ ಕೇಳುವ ಹಾಗೆ ಆಡುತ್ತಿದ್ದಳು. ನನ್ನ ಅತ್ತೆಯ ವಿಷಯ ಅವಳ ಕಿವಿಗೆ ಹಾಕುವಂತಿರಲಿಲ್ಲ, ಹಾಕಲು ಕಿವಿಯೂ ಇರಲಿಲ್ಲವೆನ್ನಿ. ಆದರೂ ಹೇಳುತ್ತಿದ್ದೆ, ಅವಳು ಅದನ್ನೇ ಗಟ್ಟಿಯಾಗಿ ತಿರುಗಿ ಕೇಳಿದಾಗ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಅವಳಿಗಿದ್ದ ದೊಡ್ಡ ಹಿಂಸೆ ಬೇರೆ. ಹಿಂದಿನಿಂದ ಯಾರು ಬಂದರೂ ತಿಳಿಯುತ್ತಿರಲಿಲ್ಲ. ಕಲ್ಲು ಚಪ್ಪಡಿಯ ನೆಲ. ಆನೆ ನಡೆದು ಬಂದರೂ ಸುಮ್ಮನಿರುವಂಥದ್ದು. ಭುಜ ಮುಟ್ಟಿದರೆ ಬೆಚ್ಚಿ ಬೀಳುತ್ತಿದ್ದಳು. ಒಂದು ಸಲ ಕುದಿಯುವ ಸಾರಿನ ಪಾತ್ರೆ ಕೈಬಿಟ್ಟು ಪಾದವೆಲ್ಲ ಬೊಬ್ಬೆ ಬಂದಿತ್ತು.

ನಮ್ಮ ಮನೆಯ ಅಟ್ಟದಲ್ಲಿ ರೇಷ್ಮೆಹುಳು ಸಾಕುತ್ತಿದ್ದೆವು. ಒಂದು ದಿನ ಅಕ್ಕ ಅಟ್ಟದ ಹಲಗೆಗಳ ಮೇಲೆ ನಿಂತು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ನಾನು ಹಿಂದಿನಿಂದ ಹತ್ತಿ ಬಂದೆ. ಮುಟ್ಟುವ ಮೊದಲೇ ತಿರುಗಿದಳು. ಅವಳ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

"ನೀನು ಬಂದಿದ್ದು ಕಾಲಿಗೆ ಗೊತ್ತಾಯ್ತು ಕಣೇ! ಕಾಲಿಗೆ!"

ಆಗ ಅವಳು ಬಸುರಿ. ಕೆಂಚಾರ್ಲಹಳ್ಳಿಯ ಅವಳ ಅತ್ತೆ ಆಗಲೇ ಒಂದು ಮಾತು ಹೇಳಿ ಹೋಗಿದ್ದರು. "ಕೂಸು ಕಿರುಚ್ಕೊಂಡ್ರೂ ಕೇಳ್ಸದೋಳ ಕೈಗೆ ಹೆಂಗಮ್ಮ ಬಿಡೋದು? ಹಾಲು ಬಿಡ್ಸಿದ ಮೇಲೆ ನಾನೇ ಕರ್ಕೊಂಡು ಹೋಗಿ ಸಾಕ್ತೀನಿ." ಅದರಲ್ಲಿ ಕೆಡುಕು ಇರಲಿಲ್ಲ, ಅದೇ ಕಷ್ಟ. ಕೆಟ್ಟ ಮಾತಾದರೆ ಎದುರಾಡಬಹುದು. ಅಕ್ಕ ರಾತ್ರಿಯೆಲ್ಲ ಅತ್ತು ಕಣ್ಣು ಊದಿಸಿಕೊಂಡಿದ್ದಳು.

ಅಟ್ಟದ ಕತೆಯನ್ನು ಭಾವನಿಗೆ ನಾನೇ ಹೇಳಿದೆ. ಅವರು ಬಗ್ಗಿ ನೆಲದ ಚಪ್ಪಡಿಯನ್ನು ಕೈಯಿಂದ ತಟ್ಟಿ ನೋಡಿದರು. ಆಮೇಲೆ, "ಕಾಲಲ್ಲಿ ಕೇಳೋ ಹಂಗೆ ಮನೇನೇ ಮಾಡ್ಬಿಟ್ರೆ?" ಎಂದರು.

ಅಲ್ಲಿಂದ ಶುರುವಾಯಿತು ನೋಡಿ. ಚಿಕ್ಕಬಳ್ಳಾಪುರದ ಮರದ ಅಂಗಡಿಯಿಂದ ಹಲಸು, ಬೇವು, ಮತ್ತಿ, ಹೊನ್ನೆ, ತೇಗ ಎಂದು ಒಂದೊಂದು ಉದ್ದ ಹಲಗೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಅದರ ಮೇಲೆ ಹಲಗೆ ಇಟ್ಟರು. ಒಂದು ತುದಿಯಲ್ಲಿ ಅಕ್ಕ, ಬರಿಗಾಲು, ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ. ಇನ್ನೊಂದು ತುದಿಯಿಂದ ಭಾವ ಪಂಚೆ ಎತ್ತಿಕಟ್ಟಿ, ಉಸಿರು ಬಿಗಿಹಿಡಿದು, ಆದಷ್ಟೂ ಹಗುರವಾಗಿ ಅಂಬೆಗಾಲಿಟ್ಟು ಬರುತ್ತಿದ್ದರು. ತಾಲ್ಲೂಕು ಕಚೇರಿಯ ಗುಮಾಸ್ತರು ಕೂಸಿನ ಹಾಗೆ ತೆವಳುವುದನ್ನು ನೋಡಲು ಬೀದಿಗೆ ಬೀದಿಯೇ ನಮ್ಮ ಜಗಲಿ ಮೇಲೆ ಸೇರಿತ್ತು. "ಹೆಂಡ್ತಿಗೆ ಕಿವಿ ಹೋಯ್ತು, ಗಂಡನಿಗೆ ತಲೆ ಹೋಯ್ತು" ಎಂದು ಯಾರೋ ಅಂದರು. ನಾನೂ ನಕ್ಕೆ. ನಗು ಬರುವಂತೆಯೇ ಇತ್ತು.

ಹಲಸಿಗೆ ಅಕ್ಕ ತಲೆಯಾಡಿಸಿದಳು, ಊಹೂಂ. ಬೇವಿಗೂ ಊಹೂಂ. ಮತ್ತಿಯಲ್ಲಿ ಏನೋ ಗೊತ್ತಾಯಿತು, ಆದರೆ ಅನುಮಾನ. ತೇಗ ಪರವಾಗಿರಲಿಲ್ಲ. ಹೊನ್ನೆಯ ಮೇಲೆ ನಿಂತಾಗ ಭಾವ ಎರಡು ಹೆಜ್ಜೆ ತೆವಳಿರಲಿಲ್ಲ, ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಕೂಗಿದಳು.

"ಬಂದ! ಬಂದ ಕಣೇ! ಹಿಂದಿನಿಂದ ಬರ್ತಾವ್ನೆ!"

ಜಗಲಿಯ ಮೇಲೆ ನಗುತ್ತಿದ್ದವರೂ ಎದ್ದು ನಿಂತರು. ಹುಟ್ಟದ ಮಗು ಆ ಹಲಗೆಯ ಮೇಲೆ ಬಂದೇಬಿಟ್ಟಿತ್ತು.

ನಡುಮನೆಯ ಮತ್ತು ಅಡುಗೆಮನೆಯ ಚಪ್ಪಡಿಗಳನ್ನೆಲ್ಲ ಎಬ್ಬಿಸಿದರು. ಒಳಗೆ ಹಳ್ಳ ತೋಡಿ, ಸಾಲಾಗಿ ಇಟ್ಟಿಗೆಯ ಗಿಡ್ಡ ಕಂಬ ಕಟ್ಟಿ, ಅದರ ಮೇಲೆ ತೊಲೆ ಕೂರಿಸಿ, ಗೆದ್ದಲು ಹಿಡಿಯದಿರಲೆಂದು ಹೊಂಗೆಎಣ್ಣೆ ಬಳಿದು ಹೊನ್ನೆ ಹಲಗೆ ಹೊಡೆದರು. ಒಲೆಯ ಸುತ್ತ ಮಾತ್ರ ಕಲ್ಲು ಬಿಟ್ಟರು. ಒಲೆಗೂ ಬಚ್ಚಲಿಗೂ ದೂರವಿರಬೇಕು, ಒಣಬಟ್ಟೆಯಲ್ಲಿ ಒರೆಸಬೇಕು, ನೀರು ಹೊಯ್ಯಬಾರದು ಎಂದು ಬಡಗಿ ಹೇಳಿ ಹೋದ.

ಮಗು ಹುಟ್ಟಿತು, ಗಂಡು. ಅಕ್ಕ ಅದನ್ನು ತೊಟ್ಟಿಲಿಗೆ ಹಾಕುತ್ತಲೇ ಇರಲಿಲ್ಲ. ತೊಟ್ಟಿಲು ನೆಲಕ್ಕೆ ತಾಗುವುದಿಲ್ಲವಲ್ಲ. ಹಲಗೆಯ ಮೇಲೆ ತೆಳ್ಳನೆ ಬಟ್ಟೆ ಹಾಸಿ ಮಲಗಿಸುತ್ತಿದ್ದಳು. ಅದು ಅಳುತ್ತಾ ಹಿಮ್ಮಡಿ ಬಡಿದರೆ ಅಡುಗೆಮನೆಯಿಂದ ಓಡಿ ಬರುತ್ತಿದ್ದಳು. ಕೆಲವು ಸಲ ಕಿವಿಯಿದ್ದ ನನಗಿಂತ ಮೊದಲು. ನಾನು, ಹಾಲಿನವಳು, ಬೆಕ್ಕು, ಎಲ್ಲರ ನಡಿಗೆಯೂ ಅವಳಿಗೆ ಬೇರೆ ಬೇರೆ. ಬೆಚ್ಚಿ ಬೀಳುವುದೇ ನಿಂತುಹೋಯಿತು. ಅಷ್ಟು ಸುಖವಾಗಿದ್ದ ಹೆಂಗಸನ್ನು ನಾನು ಆಮೇಲೆ ನೋಡಿಲ್ಲ.

ಮಗು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಯುಗಾದಿ ಬಂತು. ಅಕ್ಕನ ಅತ್ತೆ ಹಬ್ಬಕ್ಕೆ ಬಂದರು. ಅಕ್ಕ, ನಾನು ಇಬ್ಬರೂ ನಮ್ಮ ಮನೆಯಲ್ಲಿ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆವು. ಮಗು ಅಲ್ಲೇ ಆಡಿಕೊಂಡಿತ್ತು. ಎದುರುಮನೆಯ ಹೊಸ್ತಿಲು ದಾಟಿ ಚರಂಡಿಗೆ ಕೆಂಪಗೆ, ಕಾಫಿ ಡಿಕಾಕ್ಷನ್ ಥರದ ನೀರು ಹರಿದು ಬರುವುದು ಕಂಡಿತು. ಹೊನ್ನೆ ನೀರಿಗೆ ಬಣ್ಣ ಬಿಡುತ್ತದೆ. ಓಡಿ ಹೋದೆವು. ಅತ್ತೆ ಬಾವಿಯಿಂದ ಕೊಡಗಟ್ಟಲೆ ನೀರು ಸೇದಿಸಿ ನಡುಮನೆಗೆ ಹೊಯ್ಯಿಸಿ, ಸೀರೆ ಎತ್ತಿಕಟ್ಟಿ ತಾವೇ ಪೊರಕೆ ಹಿಡಿದು ಉಜ್ಜುತ್ತಿದ್ದರು.

"ಏಮ್ಮಾ, ಹಬ್ಬದ ದಿನ ನೀರು ಕಾಣದ ನೆಲಾನೂ ಒಂದು ನೆಲಾನಾ? ಮೈಲಿಗೇಲೇ ದೇವರಿಗೆ ಎಡೆ ಇಡ್ಬೇಕಾ?"

ನೀರು ಹೊಯ್ಯುವುದು ಬೇಡವೆಂದು ಭಾವ ಮೊದಲೇ ಹೇಳಿದ್ದರು. ಸೊಸೆಯ ಸೋಮಾರಿತನ ಮುಚ್ಚಲು ಮಗ ಹೇಳಿದ ಮಾತು ಅಂದುಕೊಂಡಿದ್ದರು ಅತ್ತೆ.

ಹಬ್ಬ ಕಳೆಯುವಷ್ಟರಲ್ಲಿ ಹಲಗೆಗಳು ಉಬ್ಬಿ, ಒಂದನ್ನೊಂದು ಒತ್ತಿ, ನಡುವೆ ಮೇಲೆದ್ದವು. ಮೊಳೆಗಳು ಕಿತ್ತು ಬಂದವು. ಎಲ್ಲ ಎಬ್ಬಿಸಿ ನೆರಳಲ್ಲಿ ಒಣಗಿಸಲೇಬೇಕೆಂದ ಬಡಗಿ. ನಡುಮನೆಯೆಂದರೆ ಬರೀ ತೊಲೆ, ಇಟ್ಟಿಗೆ, ಹಳ್ಳ. ಓಡಾಡಲು ಎರಡು ಹಲಗೆ ಬಿಟ್ಟಿದ್ದರು. ಒಂದು ಬೆಳಗ್ಗೆ ಅಕ್ಕ ಒಲೆಯ ಮುಂದೆ ಕಲ್ಲಿನ ಮೇಲೆ ಕೂತಿದ್ದಾಗ ಮಗು ಕೋಣೆಯಿಂದ ಎದ್ದು ಬಂದು ಹಳ್ಳಕ್ಕೆ ಬಿತ್ತು. ಹಣೆ ಇಟ್ಟಿಗೆಗೆ ಬಡಿಯಿತು. ಅದರ ಚೀರಾಟ ಕೇಳಿ ನಾನು ಬೀದಿ ದಾಟಿ ಬಂದೆ. ಬೆನ್ನು ತಿರುಗಿಸಿ ಕೂತ ತಾಯಿ ರೊಟ್ಟಿ ತಟ್ಟುತ್ತಲೇ ಇದ್ದಳು...

ಹಬ್ಬಕ್ಕೆ ಬಂದು ಇನ್ನೂ ಅಲ್ಲೇ ಉಳಿದಿದ್ದ ಅತ್ತೆ ನನಗಿಂತ ಮೊದಲು ಮಗುವನ್ನು ಎತ್ತಿಕೊಂಡಿದ್ದರು. ಸೀರೆಯೆಲ್ಲ ರಕ್ತ. ಅವರ ಮೇಲಿನ ಕೋಪ ನನಗೆ ಇವತ್ತಿಗೂ ಪೂರ್ತಿ ಹೋಗಿಲ್ಲ; ಆದರೆ ಅವತ್ತು ತಮ್ಮ ಸೆರಗು ಹರಿದು ಮಗುವಿನ ಹಣೆಗೆ ಕಟ್ಟಿದ್ದೂ ಅವರೇ. "ನೆಲ ಆಗ್ಲಿ, ಕರ್ಕೊಂಡು ಬರ್ತೀನಿ" ಎಂದರು. ಊರಿನ ನಗೆಯನ್ನು ಲೆಕ್ಕಿಸದೆ ಅಂಗಳದಲ್ಲಿ ತೆವಳಿದ ಭಾವ ತಾಯಿಯ ಮುಂದೆ ಬಾಯಿ ಬಿಡಲಿಲ್ಲ. ತಾಯಿಯನ್ನೂ ಮಗುವನ್ನೂ ಕೆಂಚಾರ್ಲಹಳ್ಳಿಗೆಂದು ಚಿಂತಾಮಣಿ ಬಸ್ಸಿಗೆ ಅವರೇ ಹತ್ತಿಸಿ ಬಂದರು.

ಎಷ್ಟೋ ಹಲಗೆ ಒಣಗುತ್ತಾ ಸೊಟ್ಟಗಾದವು. ಬೇರೆ ತರಿಸುವಷ್ಟರಲ್ಲಿ ಮಳೆ ಹಿಡಿಯಿತು. ನೆಲ ಮತ್ತೆ ಆಯಿತು, ಮಗು ಬರಲಿಲ್ಲ. ಹಲ್ಲು ಬರ್ತಿದೆ, ಅಜ್ಜಿಗೆ ಅಂಟಿಕೊಂಡಿದೆ, ಸ್ಕೂಲಿಗೆ ಹಾಕೋವಾಗ ಬರ್ತಾನೆ ಎಂದು ಅಜ್ಜಿಯಿಂದ ಒಂದೊಂದು ಸಲ ಒಂದೊಂದು ನೆಪ. ಹಬ್ಬಕ್ಕೆ ಕರೆತಂದರೂ ಅಜ್ಜಿ ಸೊಂಟದಿಂದ ಕೆಳಗಿಳಿಸುತ್ತಿರಲಿಲ್ಲ. ಅಕ್ಕ ಮಾತ್ರ ಆ ನೆಲವನ್ನು ಒಣಬಟ್ಟೆಯಲ್ಲಿ ಒರೆಸಿ ಒರೆಸಿ ಕನ್ನಡಿ ಮಾಡಿಟ್ಟಿದ್ದಳು. ಒಂದೊಂದು ಮಧ್ಯಾಹ್ನ ಹೋದರೆ ನಡುಮನೆಯ ಮಧ್ಯೆ ಬರಿಗಾಲಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ಏನೂ ಕೇಳದೆ ವಾಪಸು ಬರುತ್ತಿದ್ದೆ.

ಕೊನೆಗೆ ಹುಡುಗನನ್ನು ಸ್ಕೂಲಿಗೆ ಸೇರಿಸಲು ಕರೆತರುವ ದಿನ ಬಂತು. ಮಧ್ಯಾಹ್ನದ ಬಸ್ಸಿಗೆ ಎಂದು ಹೇಳಿ ಕಳಿಸಿದ್ದರು. ಬೆಳಗಿನ ಬಸ್ಸಿಗೇ ಬಂದುಬಿಟ್ಟರು. ಅಕ್ಕ ಬಾಗಿಲಿಗೆ ಬೆನ್ನು ಮಾಡಿ ಹಲಗೆಯ ಮೇಲೆ ನಿಂತು ಅವನಿಗೆಂದೇ ಉಂಡೆ ಕಟ್ಟುತ್ತಿದ್ದಳು. ನಾನು ಎದುರಿಗೆ ಕೂತಿದ್ದೆ. ಎಲ್ಲರಿಗಿಂತ ಮುಂದೆ ಹುಡುಗ ಓಡಿ ಒಳಗೆ ಬಂದ. ಅಕ್ಕನ ಕೈ ನಿಂತಿತು. ತಿರುಗದೆಯೇ ಎಂದಳು:

"ಯಾರ್ದೋ ಮಗು ಬಂದೈತೆ, ನೋಡೇ."

ಅಂದವಳಿಗೆ ಆ ಮಾತು ಕೇಳಿಸಲಿಲ್ಲ. ಕೇಳಿಸಿದ್ದು ನನಗೆ ಮತ್ತು ಆ ಹುಡುಗನಿಗೆ. ಅವನು ನಡುಮನೆಯಲ್ಲೇ ನಿಂತುಬಿಟ್ಟ. ನನ್ನ ಮುಖ ನೋಡಿ ಅಕ್ಕ ತಿರುಗಿದಳು. ಹಣೆಯ ಗಾಯದ ಗುರುತು ನೋಡಿದಳು... ಅವಳು ಅತ್ತದ್ದನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಹುಡುಗ ಒಳ್ಳೆಯವನಾಗಿಯೇ ಬೆಳೆದ. ಅವತ್ತಿನಿಂದ ಹೊರಗಿನಿಂದ ಬಂದಾಗಲೆಲ್ಲ ಹೊಸ್ತಿಲ ಒಳಗೆ ನಿಂತು ಎರಡು ಸಲ ಕಾಲು ಅಪ್ಪಳಿಸಿಯೇ ಮುಂದೆ ಬರುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ. ಮೀಸೆ ಬಂದ ಮೇಲೂ ಹಾಗೆಯೇ. ಅಕ್ಕ ತೀರಿಕೊಂಡ ದಿನ, ಕೆಲಸದ ಊರಿನಿಂದ ಬಂದವನು ಹೊಸ್ತಿಲು ದಾಟಿ, ಜನ ತುಂಬಿದ್ದ ನಡುಮನೆಯಲ್ಲಿ, ಎರಡು ಸಲ ಕಾಲು ಅಪ್ಪಳಿಸಿದ. ಆಮೇಲೆ ಅಲ್ಲೇ ಕುಸಿದು ಕೂತ.

ಈಗ ಆ ಮನೆಯ ಜಾಗದಲ್ಲಿ ಅಂಗಡಿಗಳಿವೆ. ನಾನು ಕೋಲೂರಿ ನಡೆಯುತ್ತೇನೆ, ನನ್ನ ನಡಿಗೆಯೂ ಬದಲಾಗಿದೆ. ತಿರುಗಿ ನೋಡದೆ "ಬಾರೇ, ಕೂತ್ಕೋ" ಎನ್ನುವವಳು ಎಲ್ಲೂ ಇಲ್ಲ.