ಕಾಶವ್ವನನ್ನು ಬದುಕಿಸಿದವರು

ನಾನು ಕೈಯಾರೆ ಕೊಂದಿದ್ದ ಹೆಂಗಸೊಬ್ಬಳು ಇನ್ನೂ ಬದುಕಿದ್ದಾಳೆ ಎಂಬ ಸುದ್ದಿ ಹೋದ ವಾರ ನನಗೆ ಬಸ್ಸಿನಲ್ಲಿ ಸಿಕ್ಕಿತು.

ಗಾಬರಿಯಾಗಬೇಡಿ. ಪೊಲೀಸರಿಗೆ ಹೇಳುವಂಥದ್ದೇನಲ್ಲ.

ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೊರಟಿದ್ದೆ. ನಿಡಗುಂದಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕುಳಿತರು. ಟಿಕೆಟ್ ತೆಗೆಸಿ, ಚೀಲ ಕಾಲ ಬಳಿ ಇಟ್ಟುಕೊಂಡು ಮಾತಿಗೆ ಶುರುವಿಟ್ಟರು. ನನಗೋ ಬಸ್ಸಿನಲ್ಲಿ ಬೇರೆಯವರ ಮಾತು ಕೇಳುವ ಚಟ. (ನಿಮಗೆ ಇದು ಹೊಸ ಸುದ್ದಿಯಲ್ಲ. ಈ ಅಂಕಣದ ಅರ್ಧ ಸರಕು ಬರುವುದೇ ಅಲ್ಲಿಂದ.)

ಕಾಶವ್ವ ಎಂಬಾಕೆಯ ವಿಷಯ ನಡೆದಿತ್ತು. ಇಂಡಿ ಊರಿನ ಬಸ್ ಸ್ಟ್ಯಾಂಡಿನ ಹಿಂದೆ ಆಕೆಯದೊಂದು ಖಾನಾವಳಿ. ಜಾಗದ ಮಾಲಕ ಖಾಲಿ ಮಾಡು ಅನ್ನುತ್ತಾನೆ, ಆಕೆ ಆಗುವುದಿಲ್ಲ ಅನ್ನುತ್ತಾಳೆ. ಒಬ್ಬಾಕೆಗೆ ಕಾಶವ್ವನ ಚಿಂತೆಯೇ ಹತ್ತಿಬಿಟ್ಟಿತ್ತು. ಇನ್ನೊಬ್ಬಾಕೆ, ಕಾಶವ್ವ ಬಾಯಿ ಜೋರಿನವಳು, ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ ಅಂತ ಸಮಾಧಾನ ಹೇಳುತ್ತಿದ್ದಳು.

ಇಂಡಿ, ಬಸ್ ಸ್ಟ್ಯಾಂಡು, ಖಾನಾವಳಿ, ಜೋರು ಬಾಯಿ. ಎಲ್ಲೋ ಕೇಳಿದ ಹಾಗಿದೆಯಲ್ಲ ಅಂದುಕೊಂಡೆ. ಅಷ್ಟರಲ್ಲಿ ಮೊದಲನೆಯಾಕೆ ಕಾಶವ್ವನ ಎಡಗೈಯ ಆರನೇ ಬೆರಳಿನ ಮಾತು ತೆಗೆದಳು. ಆ ಬೆರಳನ್ನು ಆಕೆಗೆ ಕೊಟ್ಟವಳೇ ನಾನು.

ಕೆಲವು ವರ್ಷಗಳ ಹಿಂದೆ ವಾರಪತ್ರಿಕೆಯೊಂದಕ್ಕೆ ನಾನು ಧಾರಾವಾಹಿ ಬರೆಯುತ್ತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರ್ ಹುಡುಗಿಯ ಕಥೆ. ಆ ಹುಡುಗಿ ಊಟಕ್ಕೆ ಹೋಗುವ ಖಾನಾವಳಿಯ ಒಡತಿಯೇ ಕಾಶವ್ವ. ಮುಖ್ಯ ಪಾತ್ರವೇನಲ್ಲ. ನಡುವೆ ಸಂಪಾದಕರು ಬೇಗ ಮುಗಿಸಿ ಅಂದರು. ಕಥೆಯಲ್ಲಿ ಜನ ಜಾಸ್ತಿಯಾಗಿದ್ದರು, ಯಾರನ್ನಾದರೂ ಕಳಿಸಬೇಕಿತ್ತು. ಕಾಶವ್ವನಿಗೆ ಜ್ವರ ಬರಿಸಿ ಒಂದೇ ಪ್ಯಾರಾದಲ್ಲಿ ಮುಗಿಸಿಬಿಟ್ಟೆ. ಧಾರಾವಾಹಿ ಮುಗಿಯಿತು, ಪುಸ್ತಕವಾಯಿತು. ಕಾಶವ್ವ ನನಗೆ ಮರೆತೂ ಹೋದಳು.

ಮುಂದಿನ ಸೀಟಿನಾಕೆಯ ಭುಜ ಮುಟ್ಟಿ, ಯಾವ ಕಾಶವ್ವ ಅಂತ ಕೇಳಿದೆ. ಆಕೆ ನಕ್ಕು ಎಲ್ಲ ಹೇಳಿದಳು. ಮುದ್ದೇಬಿಹಾಳದಲ್ಲಿ ಶಕೀಲಾ ಅಂತ ಇದ್ದಾರೆ, ಹಾರ್ಡ್‌ವೇರ್ ಅಂಗಡಿಯವರ ಹೆಂಡತಿ. ಅವರು ಬರೆಯುವ ಕಥೆ ಅದು. ಪ್ರತಿ ಗುರುವಾರ ಮಧ್ಯಾಹ್ನ ಓಣಿಯ ಹೆಂಗಸರು ಅವರ ಮನೆಯಲ್ಲಿ ಸೇರುತ್ತಾರೆ, ಅವರು ಓದುತ್ತಾರೆ. ಆದರೆ ಯುಗಾದಿ ಆದಾಗಿನಿಂದ ಬರೆಯುವುದನ್ನೇ ಬಿಟ್ಟುಬಿಟ್ಟಿದ್ದಾರೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ.

ನಾನು ಯಾರು ಅಂತ ಹೇಳಿಕೊಳ್ಳಲಿಲ್ಲ. ಸಿಟ್ಟು ಬಂದಿತ್ತೇ? ಬಂದಿತ್ತು. ಬೀಗ ಹಾಕಿ ಬಂದ ಮನೆಯಲ್ಲಿ ಯಾರೋ ಸಂಸಾರ ಹೂಡಿದ್ದಾರೆ ಅಂತ ಗೊತ್ತಾದರೆ ನಿಮಗೆ ಹೇಗಾಗುತ್ತದೆ?

ಮದುವೆಯಲ್ಲಿ ಅಕ್ಕಿಕಾಳು ಹಾಕಿ, ಊಟ ಮುಗಿಸಿ, ಹಾರ್ಡ್‌ವೇರ್ ಅಂಗಡಿ ಕೇಳಿಕೊಂಡು ಹೋದೆ. ಅಂಗಡಿಯ ಹಿಂದೆಯೇ ಮನೆ. ಬಾಗಿಲು ತೆಗೆದಾಕೆಗೆ ನಲವತ್ತರ ಆಜುಬಾಜು ವಯಸ್ಸು. ಕನ್ನಡಕ, ಕೈಯೆಲ್ಲ ಜೋಳದ ಹಿಟ್ಟು. ನಾನು ಹೆಸರು ಹೇಳಬೇಕಾಗಲೇ ಇಲ್ಲ. ಧಾರಾವಾಹಿಯ ಜೊತೆ ಅಚ್ಚಾಗುತ್ತಿದ್ದ ನನ್ನ ಫೋಟೋ ಆಕೆಯ ನೆನಪಿನಲ್ಲಿತ್ತು. ಮುಖದ ಬಣ್ಣವೇ ಇಳಿದುಹೋಯಿತು.

ನನ್ನನ್ನು ಕೂರಿಸಿ ಒಳಗೆ ಹೋದರು. ಕೈ ತೊಳೆದುಕೊಂಡು ಒಂದು ಬಟ್ಟೆಯ ಚೀಲ ತಂದು ನನ್ನ ಮುಂದಿಟ್ಟರು. ಒಳಗೆ ಗೆರೆ ಹಾಳೆಗಳ ಕಟ್ಟುಗಳು. ತಾವು ಕೂರಲಿಲ್ಲ, ನಿಂತೇ ಇದ್ದರು.

"ಎಲ್ಲಾ ಇದರಾಗ ಅದಾವ್ರಿ ಮೇಡಂ. ನಿಮ್ಮವ ಅದಾವು, ತೊಗೊಂಡ್ ಹೋಗ್ರಿ. ಕೇಸ್ ಮಾತ್ರ ಹಾಕಬ್ಯಾಡ್ರಿ. ಮನಿಯವರಿಗೆ ತ್ರಾಸ ಆಗತೈತಿ."

ನನಗೆ ಅರ್ಥವಾಗಲಿಲ್ಲ. ಯಾವ ಕೇಸು? ನಿಧಾನಕ್ಕೆ ಕೇಳಿದಾಗ ತಿಳಿಯಿತು. ಅವರ ಮೈದುನ ವಕೀಲರೊಬ್ಬರ ಹತ್ತಿರ ಗುಮಾಸ್ತ. ಯುಗಾದಿ ರಜೆಗೆ ಮನೆಗೆ ಬಂದವನು ಈ ಹಾಳೆಗಳನ್ನು ನೋಡಿದ್ದಾನೆ. ಇನ್ನೊಬ್ಬರ ಪಾತ್ರ ತೆಗೆದುಕೊಂಡು ಬರೆಯುವುದು ಕಳ್ಳತನ, ಆ ಲೇಖಕಿಗೆ ಗೊತ್ತಾದರೆ ಸೀದಾ ನೋಟಿಸು ಬರುತ್ತದೆ ಅಂದಿದ್ದಾನೆ. ಆವತ್ತಿನಿಂದ ಶಕೀಲಾ ಒಂದು ಸಾಲೂ ಬರೆದಿಲ್ಲ.

ಜಗಳಕ್ಕೆಂದು ಹೋದವಳ ಎದುರು ಎದುರಾಳಿ ಮೊದಲೇ ಶರಣಾಗಿ ನಿಂತರೆ ಏನು ಮಾಡುವುದು? ನೀರು ಕೇಳಿ ಕುಡಿದೆ. ಒಂದು ಕಟ್ಟು ಬಿಚ್ಚಿ ಓದತೊಡಗಿದೆ.

ಲೇಖಕಿ ಬಂದಿದ್ದಾಳೆ ಅನ್ನುವುದು ಪಕ್ಕದ ಮನೆಗೆ ಹೇಗೆ ಮುಟ್ಟಿತೋ, ನೀಲವ್ವ ಎಂಬ ಅಜ್ಜಿ ಬಂದು ಹೊಸ್ತಿಲ ಬಳಿ ಕುಳಿತರು. ಅವರಿಗೆ ಓದು ಬಾರದು. ಈ ಕಥೆ ಶುರುವಾದದ್ದೇ ಅವರಿಂದ.

ನನ್ನ ಧಾರಾವಾಹಿ ಬರುತ್ತಿದ್ದ ದಿನಗಳಲ್ಲಿ ಶಕೀಲಾ ವಾರವಾರವೂ ಪತ್ರಿಕೆ ಹಿಡಿದು ನೀಲವ್ವನಿಗೆ ಓದಿ ಹೇಳುತ್ತಿದ್ದರಂತೆ. ನೀಲವ್ವನಿಗೆ ಟೀಚರ್ ಹುಡುಗಿ ಬೇಕಿರಲಿಲ್ಲ. ಕಾಶವ್ವ ಯಾರಿಗೆ ಬೈದಳು, ಏನು ಅಡಿಗೆ ಮಾಡಿದಳು, ಅದಷ್ಟೇ ಬೇಕು. ಹಾಗಿರುವಾಗ ನೀಲವ್ವನಿಗೆ ಟೈಫಾಯ್ಡ್ ಆಯಿತು. ಸಿಂದಗಿಯಲ್ಲಿರುವ ಮಗಳು ಬಂದು ನೋಡಿಕೊಳ್ಳುತ್ತಿದ್ದಳು. ಆ ವಾರವೇ ನಾನು ಪತ್ರಿಕೆಯಲ್ಲಿ ಕಾಶವ್ವನಿಗೆ ಜ್ವರ ಬರಿಸಿದ್ದೆ.

ಶಕೀಲಾ ಮೊದಲೇ ಓದಿಕೊಂಡಿರಲಿಲ್ಲ. ಹಾಸಿಗೆಯ ಪಕ್ಕ ಕುಳಿತು ಗಟ್ಟಿಯಾಗಿ ಓದುತ್ತ ಕಾಶವ್ವನ ಜ್ವರ ಇಳಿಯಲಿಲ್ಲ ಅನ್ನುವ ಸಾಲಿಗೆ ಬಂದರು. ಮುಂದೆ ಏನಿದೆ ಅಂತ ಕಣ್ಣಿಗೆ ಬಿದ್ದಿತ್ತು. ಎದುರಿಗೆ ನೀಲವ್ವ ಜ್ವರದ ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದಾರೆ. ಓದುವುದಾದರೂ ಹೇಗೆ? ಪತ್ರಿಕೆಯನ್ನು ನೆಟ್ಟಗೆ ಹಿಡಿದುಕೊಂಡೇ ತಮಗೆ ತೋಚಿದ್ದು ಹೇಳಿದರು. ಬೆಳಗಿನ ಹೊತ್ತಿಗೆ ಕಾಶವ್ವನ ಜ್ವರ ಬಿಟ್ಟಿತು, ಎದ್ದು ಕುಳಿತು ಗಂಜಿ ಕೇಳಿದಳು, ಗಂಜಿಗೆ ಉಪ್ಪಿಲ್ಲ ಅಂತ ಟೀಚರ್ ಹುಡುಗಿಗೆ ಬೈದಳು. ನೀಲವ್ವ ಮಲಗಿದಲ್ಲೇ ನಕ್ಕರಂತೆ.

ಮರುವಾರ ನೀಲವ್ವ ಮತ್ತೆ ಕಾಶವ್ವನನ್ನು ಕೇಳಿದರು. ಪತ್ರಿಕೆಯಲ್ಲಿ ಆಕೆ ಇಲ್ಲ. ಪ್ರತಿಸಲವೂ ಕೂತಲ್ಲೇ ಕಟ್ಟಿ ಹೇಳುವುದಾಗುತ್ತದೆಯೇ? ಹಿಂದಿನ ದಿನವೇ ಬರೆದು, ಹಾಳೆಯನ್ನು ಪತ್ರಿಕೆಯೊಳಗೆ ಇಟ್ಟುಕೊಂಡು ಓದತೊಡಗಿದರು. ಧಾರಾವಾಹಿ ಮುಗಿದ ಮೇಲೆ ಪತ್ರಿಕೆ ಹೋಯಿತು, ಹಾಳೆ ಉಳಿಯಿತು. ನೀಲವ್ವ ಗುಣವಾದ ಮೇಲೂ ನಿಲ್ಲಲಿಲ್ಲ. ಕೇಳಲು ಓಣಿಯವರೂ ಸೇರಿಕೊಂಡರು.

ಶಕೀಲಾ ಇಷ್ಟು ಹೇಳಿ ಮುಗಿಸಿದರು. ಆಗ ನೀಲವ್ವ ಬಾಯಿ ತೆಗೆದರು.

"ನನಗ ಆವತ್ತ ಗೊತ್ತಾಗಿತ್ರಿ. ಓದೂಮುಂದ ಇಕಿ ಕಣ್ಣು ಸಾಲು ಹಿಡದು ಸರದಾಡತಾವು. ಆವತ್ತ ಒಂದ ಕಡೆ ನಿಂತಬಿಟ್ಟಿದ್ವು."

ಶಕೀಲಾ ಅಜ್ಜಿಯನ್ನೇ ನೋಡಿದರು. ಇದು ಅವರಿಗೂ ಹೊಸ ಸುದ್ದಿ. "ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲಬೇ ಆಯಿ?"

"ಹೇಳಿದ್ರ ನೀ ನಿಲ್ಲಸ್ತಿದ್ದಿ."

ನಾನು ಹಾಳೆಯೊಳಗೆ ತಲೆ ಹಾಕಿಕೊಂಡೆ. ಅಲ್ಲಿ ಕೂರುವುದು ಸ್ವಲ್ಪ ಕಷ್ಟವಾಯಿತು ಅಂತಲೇ ಇಟ್ಟುಕೊಳ್ಳಿ.

ಹಾಳೆಗಳು ಅಲ್ಲಿಗೇ ನಿಂತಿರಲಿಲ್ಲ. ನೀಲವ್ವನ ಮಗಳು ಅವನ್ನು ಝೆರಾಕ್ಸ್ ಮಾಡಿಸಿ ಸಿಂದಗಿಗೆ ಒಯ್ದಿದ್ದಾಳೆ. ಅಲ್ಲೂ ಒಂದು ಗುಂಪು ಕೂಡಿದೆ. ಆ ಗುಂಪಿಗೆ ಮೋರಟಗಿಯಿಂದ ಬರುವ ಒಬ್ಬಾಕೆಗೆ ಶಕೀಲಾ ಬರೆದದ್ದು ಹಿಡಿಸದೆ, ಕಾಶವ್ವ ಖಾನಾವಳಿ ಮುಚ್ಚಿ ಬಿಜಾಪುರಕ್ಕೆ ಹೋಗಿ ನೆಲೆಸುವಂತೆ ತಾನೇ ಒಂದು ಕಂತು ಬರೆದುಬಿಟ್ಟಿದ್ದಾಳೆ. ಇದನ್ನು ಹೇಳುವಾಗ ಶಕೀಲಾ ಅವರ ದನಿಗೆ ಜೀವ ಬಂತು.

"ನಮ್ಮ ಕಾಶವ್ವನ್ನ ಕೇಳದನ ಒಯ್ದು ಹಂಗ ಬರಿಯೂದಂದ್ರ ಏನ್ರಿ? ಅಕಿ ಬ್ಯಾರೇದಾಕಿ. ನಮ್ಮಾಕಿ ಅಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಒಂದು ಕ್ಷಣ ಬಿಟ್ಟು ಅವರಿಗೂ ಹೊಳೆಯಿತು. ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಬಂದಮೇಲೆ ಅವರು ನಕ್ಕದ್ದು ಆಗಲೇ. ಆಮೇಲೆ ಕುಳಿತರು, ಚಹಾ ಬಂತು.

ನಾನು ಕೇಳಿಯೇಬಿಟ್ಟೆ. ನೀಲವ್ವ ಗುಣವಾಗಿದ್ದರು. ಅಲ್ಲಿಗೆ ನಿಲ್ಲಿಸಬಹುದಿತ್ತಲ್ಲ? ದುಡ್ಡು ಬರುವುದಿಲ್ಲ, ಹೆಸರು ಬರುವುದಿಲ್ಲ, ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಮೇಲೆ ಕೋರ್ಟಿನ ಭಯ ಬೇರೆ. ಬರೆಯುವುದಾದರೆ ಸ್ವಂತದ್ದೇ ಬರೆಯಬಹುದಿತ್ತಲ್ಲ?

ಶಕೀಲಾ ಚಹಾದ ಲೋಟ ಕೆಳಗಿಟ್ಟರು. ಸ್ವಂತದ್ದು ಬರೆದು ನೋಡಿದ್ದರಂತೆ. ಹೊಸದಾಗಿ ಮಾಡಿದ ಜನ ಬೀಗರ ಹಾಗೆ ಸೆಟೆದು ಕೂರುತ್ತಾರೆ, ಮಾತಿಗೆ ಬರುವುದಿಲ್ಲ ಅಂದರು. ಕಾಶವ್ವ ಹಾಗಲ್ಲ, ನೆನೆದರೆ ಸಾಕು ಸೀದಾ ಅಡಿಗೆಮನೆಗೆ ಬರುತ್ತಾಳೆ. ಮನೆಯಲ್ಲಿ ಯಾರಾದರೂ ಒಂದು ಮಾತು ಅಂದರೆ ತಮಗೆ ತಿರುಗಿ ಅನ್ನಲಾಗುವುದಿಲ್ಲ. ಕಾಶವ್ವ ಇದಕ್ಕೆ ಏನನ್ನುತ್ತಿದ್ದಳು ಅಂತ ರೊಟ್ಟಿ ಬಡಿಯುತ್ತಲೇ ಯೋಚಿಸುತ್ತಾರೆ. ಅದನ್ನು ಬರೆದು ಮುಗಿಸುವ ಹೊತ್ತಿಗೆ ಸಿಟ್ಟು ಹೋಗಿರುತ್ತದೆ, ಮಾತು ಉಳಿದಿರುತ್ತದೆ.

ಒಮ್ಮೆ ಸಂಬಂಧಿಕರ ಮನೆಗೆಂದು ಇಂಡಿಗೆ ಹೋಗಿದ್ದರಂತೆ. ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿನ ಹಿಂದೆ ಹೋಗಿ ನೋಡಿದ್ದಾರೆ. ಖಾನಾವಳಿ ಇಲ್ಲ ಅಂತ ಗೊತ್ತಿತ್ತು, ಆದರೂ ಹೋದರು. ಅಲ್ಲಿ ಒಂದು ಸೈಕಲ್ ರಿಪೇರಿ ಅಂಗಡಿ. "ಆದ್ರ ನೀವು ಬರದ ಬೇವಿನ ಗಿಡಾ ಇತ್ರಿ" ಅಂದರು.

ನಾನು ಇಂಡಿಯ ಬಸ್ ಸ್ಟ್ಯಾಂಡಿನ ಹಿಂದೆ ಕಾಲಿಟ್ಟವಳೇ ಅಲ್ಲ. ಬೇವಿನ ಗಿಡ ಸುಮ್ಮನೆ ತೋಚಿದ್ದು, ಬರೆದಿದ್ದೆ. ಅದನ್ನು ಹೇಳಲಿಲ್ಲ. ನೀವಾದರೆ ಹೇಳುತ್ತಿದ್ದಿರಾ?

ಅಷ್ಟರಲ್ಲಿ ನಾನು ಕೊನೆಯ ಕಟ್ಟಿಗೆ ಬಂದಿದ್ದೆ. ಖಾಲಿ ಮಾಡು ಅಂತ ಪೀಡಿಸುತ್ತಿದ್ದ ಆ ಮಾಲಕ ಕಾಯಿಲೆ ಬಿದ್ದಿದ್ದಾನೆ. ಮನೆಯವರು ಅವನನ್ನು ನೋಡಿಕೊಳ್ಳುವುದಿಲ್ಲ. ಕಾಶವ್ವ ದಿನಾ ಅವನನ್ನು ಖಾನಾವಳಿಗೆ ಕರೆದು ಊಟಕ್ಕೆ ಹಾಕುತ್ತಾಳೆ. ಕಥೆ ಅಲ್ಲಿಗೆ ನಿಂತಿತ್ತು, ಗುರುವಾರದ ಗುಂಪಿಗೆ ಇದನ್ನಿನ್ನೂ ಓದಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಕಾಶವ್ವ ಹೀಗೆ ಮಾಡುವವಳೇ ಅಲ್ಲ, ಅಂಥವನಿಗೆ ಆಕೆ ಒಂದು ಲೋಟ ನೀರು ಕೂಡ ಕೊಡುವುದಿಲ್ಲ, ಆಕೆಯನ್ನು ಹುಟ್ಟಿಸಿದ ನನಗೆ ಗೊತ್ತಿಲ್ಲವೇ ಅಂದೆ.

ನಾನು ಬಂದಾಗ ಹೆದರಿ ನಿಂತಿದ್ದ ಹೆಣ್ಣುಮಗಳು ಈಗ ಕನ್ನಡಕ ಸರಿ ಮಾಡಿಕೊಂಡು ನನ್ನ ಮುಖ ನೋಡಿದರು.

"ನೀವು ಅಕಿನ್ನ ಬಿಟ್ಟು ಭಾಳ ದಿನಾ ಆತಲ್ರಿ ಮೇಡಂ. ಅಕಿ ಈಗ ಹಂಗಿಲ್ಲ."

ನೀಲವ್ವ ಹೌದೆನ್ನುವಂತೆ ತಲೆ ಆಡಿಸಿದರು. ನಾನು ಸೋತೆ. ಸಾಯಿಸಿದವಳಿಗೆ ಆಮೇಲಿನ ಸಮಾಚಾರ ಹೇಗೆ ಗೊತ್ತಿರಬೇಕು?

ಬರೆಯಿರಿ, ನಾನೇನೂ ಅನ್ನುವುದಿಲ್ಲ ಅಂದೆ. ಅಷ್ಟು ಹೊತ್ತಿಗೆ ಅಣ್ಣನ ಅಂಗಡಿಗೆಂದು ಬಂದಿದ್ದ ಆ ಮೈದುನ ಒಳಗೆ ಬಂದಿದ್ದ. ಬಾಯಿಮಾತಿಗೆ ಬೆಲೆ ಇಲ್ಲ, ಬರೆದು ಕೊಟ್ಟರೆ ಚಲೋ ಅಂತ ಸಂಕೋಚದಿಂದಲೇ ಹೇಳಿದ. ಅವನು ಕೆಟ್ಟವನಲ್ಲ, ಅತ್ತಿಗೆಗೆ ತೊಂದರೆಯಾದೀತು ಅಂತ ನಿಜಕ್ಕೂ ಹೆದರಿದ್ದ. ಅದೇ ಗೆರೆ ಹಾಳೆಯ ಮೇಲೆ, ಕಾಶವ್ವ ಎಂಬಾಕೆ ಬದುಕಿರುವುದಕ್ಕೆ ನನ್ನ ಅಭ್ಯಂತರ ಏನೂ ಇಲ್ಲ ಅಂತ ಬರೆದು ಸಹಿ ಹಾಕಿದೆ. ಅವನು ಓದಿ ನೋಡಿ, ತಾರೀಖು ಹಾಕಿಸಿಕೊಂಡ. (ಗುಮಾಸ್ತ ಅಂದರೆ ಗುಮಾಸ್ತ.)

ಊರಿಗೆ ಬಂದು ನಾನು ಕೆಲಸ ಮಾಡುವ ಕಾಲೇಜಿನಲ್ಲಿ ಈ ಕಥೆ ಹೇಳಿದಾಗ, ಕಂಪ್ಯೂಟರ್ ಕಲಿಸುವ ಮೇಡಂ ಇದಕ್ಕೆ ಫ್ಯಾನ್ ಫಿಕ್ಷನ್ ಅನ್ನುತ್ತಾರೆ ಅಂದರು. ದೇಶವಿದೇಶಗಳ ಜನ ತಮಗಿಷ್ಟದ ಪಾತ್ರಗಳನ್ನು ಹಿಡಿದು ಇಂಟರ್ನೆಟ್ಟಿನಲ್ಲಿ ಲೆಕ್ಕವಿಲ್ಲದಷ್ಟು ಬರೆಯುತ್ತಾರಂತೆ. ಪುಕ್ಕಟೆ. ನಮ್ಮ ಕಾಲೇಜಿನವರಿಗೆ ಅದು ತಮಾಷೆ ಅನ್ನಿಸಿತು. ಕೆಲಸವಿಲ್ಲದವರು ಅಂದರು ಒಬ್ಬರು. ನಾನು ಸುಮ್ಮನಿರಲಿಲ್ಲ. ಕೆಲಸ ಇದ್ದವರೇ ಬರೆಯುವುದು, ರೊಟ್ಟಿ ಬಡಿಯುವುದರ ನಡುವೆ ಬರೆಯುವುದು ಅಂದೆ.

ಈ ಗುರುವಾರ ಮತ್ತೆ ಮುದ್ದೇಬಿಹಾಳಕ್ಕೆ ಹೋಗಿದ್ದೆ, ಕೇಳಲು. ಪಡಸಾಲೆ ತುಂಬಿತ್ತು. ನನಗೊಂದು ಕುರ್ಚಿ ಹಾಕಿದ್ದರು, ನಾನು ನೀಲವ್ವನ ಪಕ್ಕ ಚಾಪೆಯ ಮೇಲೆ ಕುಳಿತೆ. ಶಕೀಲಾ ಮೊದಮೊದಲು ನನ್ನತ್ತ ನೋಡಿ ನೋಡಿ ತಡವರಿಸಿದರು. ಆಮೇಲೆ ನನ್ನನ್ನು ಮರೆತರು. ಮಾಲಕ ಊಟ ಮುಗಿಸಿ, ತಾಟನ್ನು ತಾನೇ ತೊಳೆದಿಟ್ಟು, ಕಾಶವ್ವನಿಗೆ ಒಂದು ಮಾತು ಹೇಳಬೇಕಿತ್ತು ಅನ್ನುತ್ತಾನೆ. ಹಾಳೆ ಅಲ್ಲಿಗೆ ಮುಗಿಯಿತು.

ಏನು ಹೇಳಿದ ಅಂತ ಎಲ್ಲರಿಗಿಂತ ಮೊದಲು ಕೇಳಿದವಳು ನಾನು.

"ಇನ್ನೂ ಬರದಿಲ್ರಿ" ಅಂದರು ಶಕೀಲಾ. ಆ ಹೊತ್ತಿನಲ್ಲಿ ಅವರ ಮುಖ ನೀವು ನೋಡಬೇಕಿತ್ತು.

ನನಗೆ ಶಾಲು ಹೊದಿಸಿದ್ದಾರೆ, ಹಾರ ಹಾಕಿದ್ದಾರೆ, ಬಹಳ ಚೆಂದ ಬರೆಯುತ್ತೀರಿ ಅಂತ ಎಷ್ಟೋ ಜನ ಹೇಳಿದ್ದಾರೆ. ಆದರೆ ಮುಂದೇನಾಯಿತು ಅಂತ ಚಾಪೆಯ ತುದಿಗೆ ಸರಿದು ಕೂತು ಕೇಳಿದವರು ನನಗೊಬ್ಬರಾದರೂ ಸಿಕ್ಕಿದ್ದಾರೆಯೇ?